ಯಾರ ಬೆನ್ನಿಗೆ ಯಾರು

ಆಷಾಢದಲ್ಲಿ ಬೆಂಗಳೂರಿನಿಂದ ಬಿಡದಿಗೆ ಸೈಕಲ್ ತುಳಿದವರನ್ನು ರಸ್ತೆ ಹೇಗಿತ್ತು ಎಂದು ಕೇಳಬೇಡಿ, ಗಾಳಿ ಹೇಗಿತ್ತು ಎಂದು ಕೇಳಿ. ಪಡುವಣ ಗಾಳಿ ನೇರ ಮುಖಕ್ಕೇ ಬಡಿಯುತ್ತದೆ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಸೈಕಲ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ಕೆಂಗೇರಿ ದಾಟಿದ್ದೇ ತಡ, ಭಾನುವಾರದ ಗುಂಪಿನಲ್ಲಿ ಕಳ್ಳಾಟ ಶುರು. ಒಬ್ಬನಿಗೆ ನೀರು ಕುಡಿಯುವ ನೆನಪು, ಇನ್ನೊಬ್ಬನಿಗೆ ಗೇರ್ ಸರಿಯಿಲ್ಲವೆಂಬ ಅನುಮಾನ. ಯಾರಿಗೂ ಮುಂದೆ ಹೋಗಲು ಮನಸ್ಸಿಲ್ಲ. ಮುಂದಿನವರ ಹಿಂಚಕ್ರಕ್ಕೆ ಗೇಣು ದೂರದಲ್ಲಿ ಅಂಟಿಕೊಂಡರೆ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಶ್ರಮ ಉಳಿಯುತ್ತದಲ್ಲ! ಹಾಗೆ ಉಳಿಸಿಕೊಂಡ ಕಾಲುಗಳೇ ತಟ್ಟೆ ಇಡ್ಲಿ ಹೋಟೆಲಿನ ಮುಂದಿನ ಕೊನೆಯ ನೂರು ಮೀಟರಿನಲ್ಲಿ ಮಿಂಚುವುದು. ನಾನೂ ಮಿಂಚಿದ್ದೇನೆ.

ಇದೇ ಕಳ್ಳಾಟವನ್ನು ಶಾಸ್ತ್ರೀಯವಾಗಿ ನೋಡಬೇಕೆಂದರೆ ಹೆಂಗಸರ ರೋಡ್ ರೇಸ್ ನೋಡಬೇಕು. ಗಂಡಸರ ರೇಸಿಗಿಂತ ಅಲ್ಲಿ ತಂಡಗಳು ಬೇಗ ಚದುರುತ್ತವೆ. ಆಮೇಲೆ ಯಾರ ಬೆನ್ನಿಗೆ ಯಾರು ಎಂಬ ಲೆಕ್ಕ ಕ್ಷಣಕ್ಷಣಕ್ಕೂ ಬದಲಾಗುತ್ತದೆ.

ಪೋಲೆಂಡಿನ ಕತಜಿನಾ ನೆವಿಯದೋಮಾ ಅವರನ್ನೇ ನೋಡಿ. 2019ರಲ್ಲಿ ಆಮ್ಸ್ಟೆಲ್ ಗೋಲ್ಡ್ ಗೆದ್ದ ವರ್ಷ ಮುಗಿದ ಮೇಲೆ ರಸ್ತೆಯಲ್ಲಿ ಮತ್ತೊಂದು ಗೆಲುವು ದಕ್ಕಿದ್ದು 2024ರ ಏಪ್ರಿಲ್‌ನಲ್ಲಿ. ನಡುವೆ 2022, 2023ರ ಟೂರ್ ದ ಫ್ರಾನ್ಸ್ ಫೆಮ್‌ನಲ್ಲಿ ಎರಡು ಸಲವೂ ಮೂರನೇ ಸ್ಥಾನ. ಗೆಲ್ಲಲಾರದವರು ಎಂಬ ಮಾತು ಬೆನ್ನು ಬಿಡಲಿಲ್ಲ.

2024ರ ಆಗಸ್ಟ್ 18, ಆಲ್ಪ್ ದುವೆಜ್ ಬೆಟ್ಟ, ಟೂರ್‌ನ ಕೊನೆಯ ದಿನ. ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿ ನೆವಿಯದೋಮಾ ಮೈಮೇಲೆ. 1 ನಿಮಿಷ 15 ಸೆಕೆಂಡ್ ಹಿಂದಿದ್ದ ಡಚ್ ಸವಾರೆ ಡೆಮಿ ವೊಲ್ಲೆರಿಂಗ್, ಅದಕ್ಕೂ ಹಿಂದಿನ ಗ್ಲಾಂಡೊನ್ ಏರಿನಲ್ಲೇ ಕಿತ್ತುಕೊಂಡು ಹೋದರು. ಅವರ ಹಿಂಚಕ್ರಕ್ಕೆ ಪೌಲೀನಾ ರೋಯಾಕರ್ಸ್ ಅಂಟಿಕೊಂಡರು. ತಮಗೂ ಟೂರ್ ಗೆಲ್ಲುವ ಆಸೆಯಿತ್ತು, ಕೆಲಸಕ್ಕೆ ಮಾತ್ರ ಕೈಜೋಡಿಸಲಿಲ್ಲ. ಇತ್ತ ನೆವಿಯದೋಮಾಗೆ ತಂಡದವರು ಯಾರೂ ಉಳಿದಿರಲಿಲ್ಲ. ಆದರೆ ಕಣಿವೆಯಲ್ಲಿ ಬೇರೆ ತಂಡದ ಲೂಸಿಂಡಾ ಬ್ರಾಂಡ್ ತಮ್ಮದೇ ತಂಡದ ಗೆಳತಿಗಾಗಿ ಗಾಳಿಗೆ ಎದೆ ಕೊಟ್ಟು ತುಳಿಯುತ್ತಿದ್ದರು. ಆ ನೆರಳಲ್ಲಿ ಹಳದಿ ಜೆರ್ಸಿಯೂ ಸಾಗಿತು. ವೊಲ್ಲೆರಿಂಗ್ ಆ ದಿನದ ರೇಸ್ ಗೆದ್ದರು, 10 ಸೆಕೆಂಡ್ ಬೋನಸ್ಸೂ ಸಿಕ್ಕಿತು. ನೆವಿಯದೋಮಾ 1 ನಿಮಿಷ 1 ಸೆಕೆಂಡ್ ತಡವಾಗಿ ಮುಟ್ಟಿದರು. ಕೂಡಿ ಕಳೆದರೆ ಟೂರ್ ಉಳಿದದ್ದು 4 ಸೆಕೆಂಡಿನಲ್ಲಿ. ಕಾಲಿನ ಬಲ ವೊಲ್ಲೆರಿಂಗ್ ಅವರದ್ದೇ ಹೆಚ್ಚಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೂ ನೆವಿಯದೋಮಾ ಗೆದ್ದದ್ದಕ್ಕೆ ಖುಷಿಯಿದೆ.

ನಮ್ಮಲ್ಲಿ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆ. ಎರಡೂ ಕಡೆ ಸರ್ಕಾರದ ಕ್ರೀಡಾ ಹಾಸ್ಟೆಲುಗಳಿವೆ. ಪತ್ರಿಕೆಯ ಪದಕಪಟ್ಟಿಯಲ್ಲಿ ಮೇಘಾ ಗೂಗಾಡ, ಸೀಮಾ ಆಡಗಲ್ ಎಂಬ ಹೆಸರುಗಳು ಕಂಡಾಗ ಅಡ್ಡಹೆಸರಿನ ಮೇಲೇ ನನ್ನ ಕಣ್ಣು. ಆಡಗಲ್ ಎನ್ನುವುದು ಬಾದಾಮಿ ಪಕ್ಕದ ಹಳ್ಳಿ.

ಈ ಹುಡುಗಿಯರನ್ನು ಟೈಮ್ ಟ್ರಯಲ್‌ನಲ್ಲಷ್ಟೇ ನೋಡಿದರೆ ಅರ್ಧ ನೋಡಿದಂತೆ. ಅಲ್ಲಿ ಒಬ್ಬಳು, ಒಂದು ಗಡಿಯಾರ; ನೆರಳೂ ಇಲ್ಲ, ಮೋಸವೂ ಇಲ್ಲ. ಹಿಂಚಕ್ರದ ವಿದ್ಯೆ ಕೈಗೆ ಹತ್ತಬೇಕಾದರೆ ಗುಂಪಿನಲ್ಲಿ ತುಳಿಯಬೇಕು, ಪದೇ ಪದೇ ಸೋಲಬೇಕು. ಯುರೋಪಿನ ವೃತ್ತಿಪರ ಸವಾರೆ ಫೆಬ್ರುವರಿಯಿಂದ ಅಕ್ಟೋಬರ್‌ವರೆಗೆ ರೇಸಿನಿಂದ ರೇಸಿಗೆ ಹೋಗುತ್ತಿರುತ್ತಾಳೆ. ನಮ್ಮವರಿಗೆ ವರ್ಷಕ್ಕೆ ಸಿಗುವ ದೊಡ್ಡ ಗುಂಪಿನ ರೇಸುಗಳು ಬೆರಳೆಣಿಕೆಯವು.

ಡಚ್ಚರು ಅಡ್ಡಗಾಳಿಯಲ್ಲಿ ಓರೆಸಾಲು ಕಟ್ಟಿ ತುಳಿಯುವುದನ್ನು ಕಲಿತದ್ದು ಮರವಿಲ್ಲದ ಮಟ್ಟಸ ಬಯಲಿನಲ್ಲಿ. ವಿಜಯಪುರದ ಎರೆಹೊಲಗಳ ನಡುವಿನ ರಸ್ತೆಗಳೂ ಅಂಥವೇ. ಅಲ್ಲಿ ಆಷಾಢದಲ್ಲಿ ಹೆಣ್ಣುಮಕ್ಕಳಿಗೆಂದೇ ಯಾರಾದರೂ ನೂರು ಕಿಲೋಮೀಟರಿನ ರೇಸು ಇಟ್ಟರೆ ರಾತ್ರಿ ಬಸ್ಸು ಹತ್ತಿ ಬರುತ್ತೇನೆ. ಸೈಕಲ್ ಇಲ್ಲೇ ಬಿಟ್ಟು.