ಬೈಪಾಸ್ ಆದ ಮೇಲಿನ ಆಯಸ್ಸು

ಬೈಪಾಸ್ ಮುಗಿದು ರೋಗಿ ವಾರ್ಡಿಗೆ ಬಂದ ಮೇಲೆ ಮನೆಯವರು ಕೇಳುವುದು ಒಂದೇ: ‘ಇನ್ನು ಎಷ್ಟು ವರ್ಷ ತೊಂದರೆ ಇಲ್ಲ ಸಾರ್?’ ‘ಹತ್ತು ಹದಿನೈದು ವರ್ಷ ಆರಾಮಾಗಿರ್ತಾರೆ’ ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಅದು ಸುಳ್ಳಲ್ಲ. ಆದರೆ ಆ ಲೆಕ್ಕ ಯಾವ ರೋಗಿಗಳದು, ಯಾವ ಕಾಲದ್ದು ಎಂದು ವಿಚಾರಿಸದೆ ಒಪ್ಪಿಕೊಳ್ಳುವುದು ತಪ್ಪು.

ನಾನು ಓದಿದವುಗಳಲ್ಲಿ ಈ ಪ್ರಶ್ನೆಗೆ ಅತ್ಯಂತ ಪ್ರಾಮಾಣಿಕವಾಗಿ ಉತ್ತರಿಸಿದ್ದು ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನ. 1971ರಿಂದ 1980ರವರೆಗೆ ಅಲ್ಲಿ ಮೊದಲ ಬೈಪಾಸ್ ಮಾಡಿಸಿಕೊಂಡ 1,041 ಜನರ ಮೂವತ್ತು ವರ್ಷದ ಕಥೆಯನ್ನು ವೈದ್ಯರು 2009ರಲ್ಲಿ ಪ್ರಕಟಿಸಿದರು. ನೂರಕ್ಕೆ 77 ಮಂದಿ ಹತ್ತು ವರ್ಷ ದಾಟಿದ್ದರು, 40 ಮಂದಿ ಇಪ್ಪತ್ತು, 15 ಮಂದಿ ಮೂವತ್ತು. ಆಪರೇಷನ್ ನಂತರದ ಸರಾಸರಿ ಆಯಸ್ಸು 17.6 ವರ್ಷ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಮತ್ತೊಮ್ಮೆ ಬೈಪಾಸೋ ಆಂಜಿಯೋಪ್ಲಾಸ್ಟಿಯೋ ಬೇಕಾಯಿತು. ಐದು ವರ್ಷಕ್ಕೇ ಲೆಕ್ಕ ಮುಗಿಸಿ ಉಳಿದದ್ದನ್ನು ಅಂದಾಜಿಗೆ ಬಿಡುವ ವರದಿಗಳೇ ಹೆಚ್ಚು. ರಾಟರ್‌ಡ್ಯಾಮ್‌ನವರು ಬಹುಪಾಲು ರೋಗಿಗಳ ಕೊನೆಯವರೆಗೂ ಕಾದರು. ಆ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಆದರೆ ಕಾಯುತ್ತ ಕಾಯುತ್ತ ಲೆಕ್ಕವೇ ಹಳತಾಯಿತು. ಆ ರೋಗಿಗಳಲ್ಲಿ ಹೆಚ್ಚಿನವರು ಐವತ್ತರ ಆಸುಪಾಸಿನ ಗಂಡಸರು. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಮಾರುಕಟ್ಟೆಗೆ ಬಂದದ್ದೇ 1987ರಲ್ಲಿ. ಅರವತ್ತೆಂಟರ, ಸಕ್ಕರೆ ಕಾಯಿಲೆಯ ಹೆಣ್ಣುಮಗಳೊಬ್ಬಳಿಗೆ ಆ ಸರಾಸರಿಯನ್ನು ಹಾಗೇ ಹೇಳಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ಅವರಿಗೆಲ್ಲ ಹಾಕಿದ್ದು ಕಾಲಿನಿಂದ ತೆಗೆದ ಅಭಿಧಮನಿಯನ್ನು ಮಾತ್ರ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಲಿನ ಅಭಿಧಮನಿ ಕಡಿಮೆ ಒತ್ತಡದಲ್ಲಿ ರಕ್ತ ಸಾಗಿಸಿ ರೂಢಿಯಾದ ತೆಳು ನಾಳ. ಅದನ್ನು ತಂದು ಹೃದಯದ ಮೇಲೆ ಹೊಲಿದರೆ ಧಮನಿಯ ಪೂರ್ತಿ ಒತ್ತಡ ಅದರ ಮೇಲೆ ಬೀಳುತ್ತದೆ. ಗೋಡೆ ದಪ್ಪವಾಗುತ್ತದೆ, ಕೊಬ್ಬು ಕಟ್ಟುತ್ತದೆ. ಹತ್ತು ವರ್ಷದ ಹೊತ್ತಿಗೆ ಇಂಥ ನಾಳಗಳಲ್ಲಿ ಸುಮಾರು ಅರ್ಧದಷ್ಟು ಮುಚ್ಚಿಹೋಗಿರುತ್ತವೆ. ಎದೆಗೂಡಿನ ಒಳಗೋಡೆಯ ಎಡಧಮನಿ ಹಾಗಲ್ಲ. ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸಿದರೆ ಹತ್ತು ವರ್ಷದ ಮೇಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತೆರೆದೇ ಇರುತ್ತವೆ. ಈ ಧಮನಿ ಹಾಕಿಸಿಕೊಂಡವರು ಹೆಚ್ಚು ಕಾಲ ಬದುಕುತ್ತಾರೆಂದು ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ 1986ರಲ್ಲೇ ತೋರಿಸಿತು. ಡಿಸ್ಚಾರ್ಜ್ ಕಾಗದದಲ್ಲಿ ‘ಲಿಮಾ ಟು ಎಲ್‌ಎಡಿ’ ಎಂದು ಬರೆದಿರುವುದು ಈ ಜೋಡಣೆಯನ್ನೇ. ಕೇಳಿದ ಪ್ರಶ್ನೆಯ ಅರ್ಧ ಉತ್ತರ ಆ ಒಂದು ಸಾಲಿನಲ್ಲಿದೆ. ಆದರೂ ಅದನ್ನು ರೋಗಿಗೆ ಓದಿ ಹೇಳುವವರು ಬಹಳ ಕಡಿಮೆ.

ಉಳಿದರ್ಧ ಉತ್ತರ ಆಮೇಲಿನ ವರ್ಷಗಳಲ್ಲಿದೆ. ಡೆನ್ಮಾರ್ಕ್‌ನಲ್ಲಿ ಬೈಪಾಸ್ ಆದ ಐವತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದಾಗ, ಮೊದಲ ತಿಂಗಳ ಅಪಾಯ ದಾಟಿದವರು ಎಂಟು ಹತ್ತು ವರ್ಷದವರೆಗೆ ಹೆಚ್ಚುಕಡಿಮೆ ಉಳಿದ ಜನರಂತೆಯೇ ಬದುಕಿದ್ದರು. ಸಾವಿನ ಪ್ರಮಾಣ ಏರಿದ್ದು ಆಮೇಲೆ. ಅಂದರೆ ಆಪರೇಷನ್ ಕೊಟ್ಟ ಆ ಹತ್ತು ವರ್ಷವನ್ನು ಹೇಗೆ ಕಳೆದರು ಎಂಬುದೇ ಮುಂದಿನದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ನಮ್ಮ ಪದ್ಧತಿ ಸೋಲುವುದು ಇಲ್ಲೇ. ಎದೆಮೂಳೆ ಕೂಡಿಕೊಳ್ಳುವ ಎರಡು ತಿಂಗಳು ಭಾರ ಎತ್ತಬೇಡಿ, ಕೆಮ್ಮುವಾಗ ದಿಂಬು ಒತ್ತಿ ಹಿಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ವರ್ಷ ಕಳೆದ ಮೇಲೆ ವಿಚಾರಿಸುವವರು ಯಾರೂ ಇರುವುದಿಲ್ಲ. ‘ಕೊಲೆಸ್ಟ್ರಾಲ್ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ’ ಎನ್ನುತ್ತಾರೆ ಒಬ್ಬರು. ನಾರ್ಮಲ್ ಬಂದದ್ದು ಮಾತ್ರೆಯಿಂದ, ಅದು ಜೀವನಪರ್ಯಂತ ಬೇಕು ಎಂದು ಅವರಿಗೆ ಯಾರೂ ಕೂತು ಹೇಳಿರುವುದಿಲ್ಲ. ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮಾತ್ರೆ ಇಷ್ಟು ಸಣ್ಣ ಕಾರಣಕ್ಕೆ ನಿಲ್ಲುವುದನ್ನು ಕಂಡರೆ ಸಂಕಟವಾಗುತ್ತದೆ. ಬೀಡಿ, ಸಿಗರೇಟು ಮತ್ತೆ ಶುರುವಾದರಂತೂ ಕೇಳುವುದೇ ಬೇಡ.

ನಿಗಾ ತಪ್ಪದಿದ್ದರೆ ಎಷ್ಟು ದೂರ ಸಾಗಬಹುದು ಎಂಬುದಕ್ಕೆ ಒಂದು ಉದಾಹರಣೆ: ಮನಮೋಹನ್ ಸಿಂಗ್ ಅವರಿಗೆ ಮೊದಲ ಬೈಪಾಸ್ ಆದದ್ದು 1990ರಲ್ಲಿ. ಪ್ರಧಾನಿಯಾಗಿದ್ದಾಗಲೇ, 2009ರ ಜನವರಿಯಲ್ಲಿ, ದೆಹಲಿಯ ಏಮ್ಸ್‌ನಲ್ಲಿ ಎರಡನೆಯದು ನಡೆಯಿತು. ಅವರು ತೀರಿಕೊಂಡದ್ದು 2024ರ ಡಿಸೆಂಬರಿನಲ್ಲಿ, 92ನೇ ವಯಸ್ಸಿನಲ್ಲಿ. ಅವರ ಸುತ್ತ ಸದಾ ವೈದ್ಯರಿದ್ದರು, ನಿಜ. ನಮ್ಮ ತಾಲ್ಲೂಕಿನ ರೋಗಿಗೆ ಅಷ್ಟು ಬೇಡ. ಆಪರೇಷನ್ ಮಾಡಿದ ಆಸ್ಪತ್ರೆಯಿಂದ ಆರು ತಿಂಗಳಿಗೊಮ್ಮೆ ಒಂದು ಫೋನ್ ಬಂದು, ಬಿಪಿ, ಸಕ್ಕರೆ, ಮಾತ್ರೆ ವಿಚಾರಿಸಿದರೆ ಸಾಕು.