ಸೂರತ್ ವಿಮಾನ ನಿಲ್ದಾಣ: ಉಳಿಸಿದ್ದೇ ಹೆಚ್ಚುಗಾರಿಕೆ

ಸೂರತ್ ವಿಮಾನ ನಿಲ್ದಾಣದ ವಿಸ್ತೃತ ಕಟ್ಟಡ 2023ರ ಡಿಸೆಂಬರ್ 17ರಂದು ಉದ್ಘಾಟನೆಯಾದಾಗ, ಪ್ರಕಟಣೆಗಳಲ್ಲಿ ಎದ್ದು ಕಂಡದ್ದು ರಾಂದೇರದ ಮರಗೆಲಸ. ತಾಪಿ ನದಿಯಾಚೆಯ ಆ ಹಳೆಯ ಪೇಟೆಯ ಮನೆಗಳೇ ಮುಂಭಾಗದ ಅಲಂಕಾರಕ್ಕೆ ಮಾದರಿಯಂತೆ. ನಮ್ಮ ದೃಷ್ಟಿಯಲ್ಲಿ ಈ ಕಟ್ಟಡದ ನಿಜವಾದ ಗುಣ ಬೇರೆಯೇ ಇದೆ. ಮೊದಲಿದ್ದ 8,474 ಚದರ ಮೀಟರಿನ ಕಟ್ಟಡವನ್ನು ನೆಲಸಮ ಮಾಡದೆ ಅದನ್ನೇ 25,520 ಚದರ ಮೀಟರಿಗೆ ಬೆಳೆಸಿದ್ದಾರೆ. ದಟ್ಟಣೆಯ ಗಂಟೆಯಲ್ಲಿ 1,200 ದೇಶೀಯ, 600 ಅಂತರರಾಷ್ಟ್ರೀಯ ಪ್ರಯಾಣಿಕರಿಗೆ ಇಲ್ಲಿ ಎಡೆಯಿದೆ.

ಇದನ್ನು ಹೆಚ್ಚುಗಾರಿಕೆ ಎನ್ನಲು ಕಾರಣವುಂಟು. ನಿಂತ ಗೋಡೆಯೊಂದರಲ್ಲಿ ಸುಣ್ಣಕಲ್ಲನ್ನು ಸುಟ್ಟ ಶಾಖ, ಉಕ್ಕನ್ನು ಕರಗಿಸಿದ ಕಲ್ಲಿದ್ದಲು, ಕೂಲಿಯವರ ಬೆವರು ಎಲ್ಲವೂ ಈಗಾಗಲೇ ಖರ್ಚಾಗಿ ಕುಳಿತಿವೆ. ಜಗತ್ತಿನ ಇಂಗಾಲಾಮ್ಲದ ಹೊಗೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನಿಂದಲೇ ಬರುತ್ತದೆ. ಕೆಡವಿದರೆ ಹಳೆಯ ಖರ್ಚು ವ್ಯರ್ಥ, ಹೊಸ ಖರ್ಚು ತಲೆಯ ಮೇಲೆ. ಸೌರಫಲಕಗಳಿಂದ ಆ ಸಾಲ ತೀರಿಸಲು ವರ್ಷಗಳೇ ಬೇಕು.

ಉಳಿದ ಏರ್ಪಾಡುಗಳೂ ಮೆಚ್ಚತಕ್ಕವು: ಎರಡು ಪದರದ ಶಾಖನಿರೋಧಕ ಛಾವಣಿ, ಬಿಸಿಲಿನ ಕಾವನ್ನು ತಡೆಯುವ ಜೋಡಿ ಗಾಜು, ಮಳೆನೀರಿನ ಸಂಗ್ರಹ, ಶುದ್ಧೀಕರಿಸಿದ ಕೊಳಚೆನೀರಿನಿಂದ ತೋಟ. 'ಗೃಹ' ಮಾನದಂಡದ ನಾಲ್ಕನೆಯ ಶ್ರೇಣಿಗೆ ಇದು ಹೊಂದುತ್ತದೆ.

ನಮ್ಮ ತಕರಾರು ರಾಂದೇರದ ವಿಷಯದಲ್ಲಿ. ಹಳೆಯ ಮನೆಯಲ್ಲಿ ಮರವು ಶೃಂಗಾರ ಮಾತ್ರವಲ್ಲ, ಮಾಡನ್ನು ಹೊರುವ ಕಂಬವೂ ಹೌದು, ತೊಲೆಯೂ ಹೌದು. ಅಹಮದಾಬಾದಿನ ಪೋಳಗಳಲ್ಲಿ ಅಂಗಳದಡಿಯ ಟಾಂಕಾ ಛಾವಣಿಯ ಮಳೆನೀರನ್ನು ವರ್ಷವಿಡೀ ಕಾಪಾಡುತ್ತಿತ್ತು. ಅಂಗಳವೇ ಮನೆಗೆ ಗಾಳಿ ಬೆಳಕು ಕೊಡುತ್ತಿತ್ತು. ಅಲ್ಲಿ ಅಂದವೂ ಕೆಲಸವೂ ಒಂದೇ. ಹವಾನಿಯಂತ್ರಿತ ಕಟ್ಟಡದ ಮೋರೆಗೆ ಮರಗೆಲಸವನ್ನು ಹೊದಿಸಿದರೆ ಅದು ಹಳೆಯ ಮನೆಯ ಭಾವಚಿತ್ರವಾದೀತು, ಅದರ ಬುದ್ಧಿಯಾಗಲಾರದು.

ಹಳೆಯದನ್ನು ಬಳಸುವ ಪಾಠ ಅಹಮದಾಬಾದಿನಲ್ಲಿ ವಿಮಾನ ನಿಲ್ದಾಣದ ದಾರಿಯಲ್ಲೇ ಇದೆ. ಶಾಹಿಬಾಗಿನ ಮೋತಿ ಶಾಹಿ ಮಹಲು ಷಹಜಹಾನನು ಗುಜರಾತಿನ ಸುಬೇದಾರನಾಗಿದ್ದಾಗಿನದು. ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳ ನಿವಾಸವಾಯಿತು. 1878ರಲ್ಲಿ ತರುಣ ರವೀಂದ್ರನಾಥರು ಅಣ್ಣನೊಡನೆ ಅಲ್ಲಿದ್ದರು. 1960ರ ನಂತರ ರಾಜಭವನವಾಗಿ, ಇಂದು ಸರ್ದಾರ್ ಪಟೇಲರ ಸ್ಮಾರಕವಾಗಿದೆ. ಕೆಲಸ ಬದಲಾಯಿತು, ಗೋಡೆ ನಿಂತಿತು. ಐಐಎಂನ ವಿಕ್ರಮ್ ಸಾರಾಭಾಯಿ ಗ್ರಂಥಾಲಯದ ಜೀರ್ಣೋದ್ಧಾರಕ್ಕೆ 2019ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂತು. ಮರುವರ್ಷ ಅದೇ ಆವರಣದಲ್ಲಿ ಲೂಯಿ ಕಾನ್ ರಚಿಸಿದ ವಸತಿಗೃಹಗಳನ್ನು ಕೆಡವುವ ಮಾತೆದ್ದಾಗ ದೇಶವಿದೇಶಗಳ ವಾಸ್ತುಶಿಲ್ಪಿಗಳು ಕೂಗೆಬ್ಬಿಸಿದರು.

ಆದರೆ ಸಾಧಾರಣ ವಿಮಾನ ನಿಲ್ದಾಣಕ್ಕಾಗಿ ಕೂಗುವವರು ಯಾರು? ಅದಕ್ಕೆ ಷಹಜಹಾನನೂ ಇಲ್ಲ, ಲೂಯಿ ಕಾನನೂ ಇಲ್ಲ. 2016ರಲ್ಲಿ ವಡೋದರಾ ಹೊಸ ಕಟ್ಟಡದ ದಾರಿ ಹಿಡಿಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ತೆರೆದಾಗ ನಮ್ಮ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದಿಂದ ನಿಗದಿತ ವಿಮಾನಗಳು ನಿಂತವು. ಊರಿನಿಂದ ಕಳುಹಿಸಿಕೊಡಲು ಬಂದ ತಾಯಿತಂದೆಯರು ಕಣ್ಣೊರೆಸಿಕೊಂಡದ್ದು ಇಂಥ ಸಾದಾ ಕಟ್ಟಡಗಳ ಬಾಗಿಲಲ್ಲೇ. ಆ ನೆನಪಿಗೆ ಟೆಂಡರಿನಲ್ಲಿ ಕಲಮು ಇರುವುದಿಲ್ಲ. ಉಳಿಸುವುದರ ಲೆಕ್ಕಕ್ಕಾದರೂ ಇರಬಹುದಲ್ಲವೆ?

ಆದ್ದರಿಂದ ಎರಡು ಸಲಹೆಗಳು. ಯಾವ ನಿಲ್ದಾಣದ ಕಡತದಲ್ಲೂ ಕೆಡವಿ ಕಟ್ಟುವ ಅಂದಾಜಿನ ಪಕ್ಕದಲ್ಲಿ, ಉಳಿಸಿ ಬೆಳೆಸುವ ಅಂದಾಜೂ ಇರಲಿ. ಎರಡರಲ್ಲೂ ರೂಪಾಯಿಯ ಜೊತೆಗೆ ಇಂಗಾಲದ ಲೆಕ್ಕ ಬರಲಿ. ಎರಡನೆಯದು, 'ಹಸಿರು ಕಟ್ಟಡ' ಎಂಬ ಫಲಕದ ಕೆಳಗೆ ಪ್ರತಿವರ್ಷದ ವಿದ್ಯುತ್ತು ಮತ್ತು ನೀರಿನ ಮೀಟರು ಎಷ್ಟು ತೋರಿಸಿತೆಂಬುದನ್ನೂ ಬರೆಯಲಿ. ಶ್ರೇಣಿಯ ಪತ್ರ ಕಟ್ಟಡದ ಜಾತಕವಿದ್ದಂತೆ. ಬಾಳಿದ ರೀತಿ ತಿಳಿಯುವುದು ಮೀಟರಿನಿಂದ. ಟಿಕೆಟ್ಟಿನೊಳಗೇ ನಿಲ್ದಾಣದ ಶುಲ್ಕ ತೆರುವ ನಮಗೆ ಅಷ್ಟು ಕೇಳುವ ಹಕ್ಕಿದೆ.