ಛೇದವೋ ಚಿಕಿತ್ಸೆಯೋ: ಗಂಡು ನಾಯಿಮರಿಯ ಸಂತಾನಹರಣ ಕುರಿತು ಒಂದು ವಿಮರ್ಶೆ

ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪಾಠಶಾಲೆಯ ಮಕ್ಕಳೂ ಬಾಯಿಪಾಠವಾಗಿ ಒಪ್ಪಿಸಬಲ್ಲರು. ಆದರೆ ಮನೆಯಂಗಳದಲ್ಲಿ ಬೆಳೆಯುತ್ತಿರುವ ಗಂಡು ನಾಯಿಮರಿಗೆ ಬೀಜ ತೆಗೆಸಬೇಕೆ, ತೆಗೆಸುವುದಾದರೆ ಯಾವ ವಯಸ್ಸಿನಲ್ಲಿ ಎಂಬ ಪ್ರಶ್ನೆ ಎದುರಾದಾಗ ಇದೇ ಪಾಠವು ಪರಸ್ಪರ ವಿರುದ್ಧವಾದ ಎರಡು ಉತ್ತರಗಳಿಗೆ ಆಧಾರವಾಗುತ್ತದೆ. ರಾವೂರ, ವಾಡಿ, ಚಿತ್ತಾಪುರ, ಸೇಡಂ ಕಡೆಯ ತೊಗರಿ ಹೊಲಗಳ ಮತ್ತು ಕಲ್ಲುಗಣಿಗಳ ಸೀಮೆಯಲ್ಲಿ ನಾಯಿಯು ಕೇವಲ ಶೋಕಿಯ ಪ್ರಾಣಿಯಲ್ಲ, ಕಾವಲಿನ ಸಂಗಾತಿ. ಆದುದರಿಂದ ಈ ಪ್ರಶ್ನೆ ನಗರದವರಿಗೆ ಮಾತ್ರ ಸೇರಿದ್ದೆಂದು ತಳ್ಳಿಹಾಕುವಂತಿಲ್ಲ. ಎರಡೂ ಉತ್ತರಗಳನ್ನು ಶಾಸ್ತ್ರದ ಮತ್ತು ಅನುಭವದ ಬೆಳಕಿನಲ್ಲಿ ಪರೀಕ್ಷಿಸುವುದು ಅವಶ್ಯವಾಗಿದೆ.

ಮೊದಲನೆಯದು ನಿಷೇಧದ ಪಕ್ಷ. ತತ್ತ್ವಾರ್ಥಸೂತ್ರದ ‘ಛೇದ’ ಎಂಬ ಪದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕಿವಿ, ಮೂಗು ಮೊದಲಾದ ಅವಯವಗಳನ್ನು ತೆಗೆಯುವುದು ಎಂದು ಅರ್ಥ ಹೇಳಿದ್ದಾರೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ, ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಒಂದಾದ ನಿರ್ಲಾಂಛನ ಕರ್ಮವನ್ನು ವಿವರಿಸುವಾಗ ಮೂಗು ಚುಚ್ಚುವುದು, ಬರೆ ಹಾಕುವುದು ಮುಂತಾದವುಗಳೊಡನೆ ವೃಷಣಛೇದವನ್ನೂ ಸ್ಪಷ್ಟವಾಗಿ ಹೆಸರಿಸಿದ್ದಾರೆ. ಹೀಗಿರುವಾಗ ಈ ಪಕ್ಷವನ್ನು ಅಜ್ಞಾನವೆಂದು ಹೀಗಳೆಯುವುದು ಸಲ್ಲದು. ಮಾತನಾಡಲಾರದ ಜೀವಿಯ ಅಂಗವೊಂದನ್ನು ಅದರ ಒಪ್ಪಿಗೆಯಿಲ್ಲದೆ ತೆಗೆಯುವಾಗ ಮನಸ್ಸು ಅಳುಕುವುದೇ ಧರ್ಮದ ಲಕ್ಷಣ.

ಆದರೆ ಈ ಪಕ್ಷದವರು ಅದೇ ಪಟ್ಟಿಯನ್ನು ಕೊನೆಯವರೆಗೆ ಓದುವುದಿಲ್ಲ. ಅಲ್ಲಿಯೇ ಅಸತೀಪೋಷಣವೆಂಬ ಇನ್ನೊಂದು ಕರ್ಮಾದಾನವಿದೆ. ಹಣಕ್ಕಾಗಿ ಗಿಳಿ, ಬೆಕ್ಕು, ನಾಯಿ, ಕೋಳಿ ಮೊದಲಾದವನ್ನು ಸಾಕುವುದೂ ಅದರಲ್ಲಿ ಸೇರಿದೆ. ‘ಜಾತಿನಾಯಿ, ಒಮ್ಮೆ ಮರಿ ಹಾಕಿಸೋಣ’ ಎಂದು ಗಂಡುನಾಯಿಯನ್ನು ಹಾಗೆಯೇ ಉಳಿಸಿಕೊಂಡು, ಕೂಡಿಸಿದ್ದಕ್ಕೆ ಹಣವನ್ನೋ ಮರಿಯನ್ನೋ ಪಡೆಯುವ ಗೃಹಸ್ಥನು ಛೇದವನ್ನು ತಪ್ಪಿಸಿದೆನೆಂದು ಸಮಾಧಾನಪಟ್ಟುಕೊಂಡರೆ, ಒಂದು ದೋಷದಿಂದ ಪಾರಾಗಿ ಅದೇ ಪಟ್ಟಿಯ ಇನ್ನೊಂದರಲ್ಲಿ ಬಿದ್ದಂತಾಯಿತು. ಪ್ರಾಯಕ್ಕೆ ಬಂದ ಗಂಡುನಾಯಿಯು ಹೆಣ್ಣಿನ ವಾಸನೆ ಹಿಡಿದು ಗೋಡೆ ಹಾರುತ್ತದೆ, ಕಾದಾಡಿ ಗಾಯಗೊಳ್ಳುತ್ತದೆ, ರಸ್ತೆಯಲ್ಲಿ ಗಾಡಿಗೆ ಸಿಕ್ಕುತ್ತದೆ. ಇದಕ್ಕೆ ಹೆದರಿ ಅದನ್ನು ಹಗಲಿರುಳು ಸರಪಳಿಯಲ್ಲಿ ಕಟ್ಟಿದರೆ ಅದು ಬಂಧವೆಂಬ ಅತಿಚಾರ. ಬಿಟ್ಟರೆ ಬೀದಿಯಲ್ಲಿ ಹುಟ್ಟುವ ಮರಿಗಳು ಹಸಿವಿನಿಂದ ಸಾಯುತ್ತವೆ. ಅವುಗಳನ್ನು ಚೀಲದಲ್ಲಿ ಹಾಕಿ ಬಸದಿಯ ಬಾಗಿಲಿಗೋ ಸಂತೆಗೋ ಬಿಟ್ಟುಬರುವುದು ಅನ್ನಪಾನನಿರೋಧಕ್ಕಿಂತ ಬಹಳ ಬೇರೆಯೇನಲ್ಲ. ಕತ್ತಿಯನ್ನು ಮುಟ್ಟದ ಕೈ ಶುದ್ಧವಾಗಿಯೇ ಇರುತ್ತದೆ ಎಂಬ ನಂಬಿಕೆಯೇ ಈ ಪಕ್ಷದ ದೌರ್ಬಲ್ಯ.

ಎರಡನೆಯ ಪಕ್ಷದವರು ವೈದ್ಯನ ದೃಷ್ಟಾಂತವನ್ನು ಮುಂದಿಡುತ್ತಾರೆ. ಕರುಣೆಯುಳ್ಳ ವೈದ್ಯನು ಸಂಯಮಿಯೊಬ್ಬನ ಕುರುವನ್ನು ಕೊಯ್ದಾಗ ನೋವುಂಟಾದರೂ ಆ ಹೊರಗಿನ ನಿಮಿತ್ತಮಾತ್ರದಿಂದ ಅವನಿಗೆ ಪಾಪಬಂಧವಿಲ್ಲವೆಂದು ಪೂಜ್ಯಪಾದರೇ ಸರ್ವಾರ್ಥಸಿದ್ಧಿಯ ಆರನೆಯ ಅಧ್ಯಾಯದಲ್ಲಿ ವಿವರಿಸಿದ್ದಾರೆ. ಪ್ರಮಾದದಿಂದ ಕೂಡಿದ ಯೋಗವೇ ಹಿಂಸೆಯ ಮೂಲವೆಂಬುದು ಸೂತ್ರಕಾರರ ನಿಲುವು. ಆದುದರಿಂದ ಸಂತಾನಹರಣವು ಚಿಕಿತ್ಸೆಯೇ, ಬೇಗ ಮಾಡಿಸಿದಷ್ಟೂ ಒಳ್ಳೆಯದು ಎಂದು ಇವರು ನಿರ್ಣಯಿಸುತ್ತಾರೆ.

ಈ ನಿರ್ಣಯದಲ್ಲಿ ಒಂದು ಮೆಟ್ಟಿಲು ಬಿಟ್ಟುಹೋಗಿದೆ. ಕುರು ರೋಗಿಯದೇ ವ್ಯಾಧಿ. ಅದನ್ನು ಕೊಯ್ದಾಗ ಲಾಭವೂ ರೋಗಿಯದೇ. ಆರೋಗ್ಯವಂತ ಮರಿಯ ವೃಷಣವು ವ್ಯಾಧಿಯಲ್ಲ. ಅದನ್ನು ತೆಗೆಸುವುದರಲ್ಲಿ ಯಜಮಾನನ ಅನುಕೂಲವೂ ನೆರೆಹೊರೆಯ ನೆಮ್ಮದಿಯೂ ಬೆರೆತಿರುತ್ತವೆ. ವೈದ್ಯನ ದೃಷ್ಟಾಂತವು ಇಲ್ಲಿ ಪೂರ್ಣವಾಗಿ ಅನ್ವಯಿಸಬೇಕಾದರೆ ಕ್ರಿಯೆಯು ಆ ಜೀವಿಯ ಹಿತಕ್ಕೂ ಹೊಂದುವಂತಿರಬೇಕು, ಅದಕ್ಕೆ ಆಗುವ ಕೇಡು ಆದಷ್ಟು ಕಡಿಮೆಯಾಗಿರಬೇಕು. ವಯಸ್ಸಿನ ಪ್ರಶ್ನೆ ಧರ್ಮದ ಪ್ರಶ್ನೆಯಾಗುವುದು ಇಲ್ಲಿಯೇ. ಅದು ವೈದ್ಯರಿಗೆ ಬಿಟ್ಟ ಸಣ್ಣ ವಿವರವಲ್ಲ. ಪ್ರಮಾದಕ್ಕೂ ವಿವೇಕಕ್ಕೂ ನಡುವಿನ ಗೆರೆ.

ವೃಷಣದ ಸ್ರಾವವು ಸಂತಾನಕ್ಕಷ್ಟೇ ಅಲ್ಲ, ಎಲುಬಿನ ಬೆಳವಣಿಗೆಯನ್ನು ಸಕಾಲಕ್ಕೆ ನಿಲ್ಲಿಸುವುದಕ್ಕೂ ಬೇಕು. ಅದನ್ನು ಬೇಗ ತೆಗೆದರೆ ಕಾಲಿನ ಎಲುಬುಗಳು ಮಿತಿಮೀರಿ ಉದ್ದವಾಗಿ ಕೀಲುಗಳ ಮೇಲೆ ಭಾರ ಬೀಳುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ೨೦೨೦ರಲ್ಲಿ ೩೫ ತಳಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಂಥ ದೊಡ್ಡ ತಳಿಗಳಲ್ಲಿ ಒಂದು ವರ್ಷದೊಳಗೆ ಬೀಜ ತೆಗೆಸಿದಾಗ ಕೀಲುರೋಗ ಹೆಚ್ಚಿದುದು ಕಂಡುಬಂದಿತು. ಚಿಕ್ಕ ತಳಿಗಳಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ಆದುದರಿಂದ ಚಿಕ್ಕ ಮೈಕಟ್ಟಿನ ನಾಯಿಗೆ ಸುಮಾರು ಆರು ತಿಂಗಳು ತುಂಬಿದ ಮೇಲೆ, ದೊಡ್ಡ ಮೈಕಟ್ಟಿನದಕ್ಕೆ ಬೆಳವಣಿಗೆ ನಿಂತ ಮೇಲೆ, ಅಂದರೆ ಸುಮಾರು ಒಂದರಿಂದ ಒಂದೂಕಾಲು ವರ್ಷದ ಹೊತ್ತಿಗೆ ಮಾಡಿಸುವುದು ಯುಕ್ತ. ಎತ್ತರವಾಗಿ ಬೆಳೆಯುವ ನಮ್ಮ ಮುಧೋಳ ನಾಯಿಯ ವಿಷಯದಲ್ಲಿಯೂ ಕಾಯುವುದೇ ಲೇಸು. ಬೀಜವೊಂದು ಕೆಳಗಿಳಿಯದೆ ಹೊಟ್ಟೆಯಲ್ಲಿಯೇ ಉಳಿದಿದ್ದರೆ ಮುಂದೆ ಗಡ್ಡೆಯಾಗುವ ಸಂಭವ ಹೆಚ್ಚು. ಅಲ್ಲಿ ಶಸ್ತ್ರಕ್ರಿಯೆ ನಿಜವಾಗಿಯೂ ಚಿಕಿತ್ಸೆಯೇ.

ಶಸ್ತ್ರಕ್ರಿಯೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ತಿಳಿಯಬೇಕು. ಅಲೆದಾಟವೂ ಅಲ್ಲಲ್ಲಿ ಮೂತ್ರ ಮಾಡಿ ಗುರುತು ಹಾಕುವುದೂ ಬಹುಮಟ್ಟಿಗೆ ತಗ್ಗುತ್ತವೆ. ವೃಷಣದ ಗಡ್ಡೆಯ ಭಯ ತಪ್ಪುತ್ತದೆ. ಮುಪ್ಪಿನಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವ ಬಾಧೆ ಇರುವುದಿಲ್ಲ. ಆದರೆ ಅಂಜಿಕೆಯಿಂದ ಕಚ್ಚುವ ನಾಯಿ ಇದರಿಂದ ಸಾಧುವಾಗುವುದಿಲ್ಲ. ಕೆಲವೊಮ್ಮೆ ಅಂಜಿಕೆ ಹೆಚ್ಚುವುದೂ ಉಂಟು. ಅಂಥದ್ದಕ್ಕೆ ಮೊದಲು ಬೇಕಾದುದು ತಾಳ್ಮೆಯ ಪಾಲನೆ. ತೂಕ ಏರುವ ಪ್ರವೃತ್ತಿಯಿರುವುದರಿಂದ ಆಹಾರದಲ್ಲಿ ಮಿತಿ ಬೇಕು. ಕ್ರಿಯೆಯ ಅನಂತರವೂ ಕೆಲವು ವಾರ ಬೀಜಶಕ್ತಿ ಉಳಿದಿರಬಹುದಾದ ಕಾರಣ ಹೆಣ್ಣುನಾಯಿಗಳಿಂದ ದೂರವಿಡಬೇಕು.

ರೀತಿಯೂ ವಯಸ್ಸಿನಷ್ಟೇ ಮುಖ್ಯ. ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ನಿಯಮಿತ ರೀತಿಯಲ್ಲಿ ಮಾಡುವ ಬೀಜ ತೆಗೆಯುವಿಕೆಯನ್ನು ಅಪರಾಧಗಳ ಪಟ್ಟಿಯಿಂದ ಹೊರಗಿಟ್ಟಿದೆ. ಕಾಯಿದೆಯ ವಿನಾಯಿತಿ ಧರ್ಮದ ವಿನಾಯಿತಿಯಲ್ಲ. ಮತ್ತು ಬರಿಸದೆ ಮಾಡುವ ಕ್ರಿಯೆ ಎಂತಹ ಕಾರಣವಿದ್ದರೂ ಛೇದವೇ. ಪಶುವೈದ್ಯರಿಂದ, ಪೂರ್ಣ ಅರಿವಳಿಕೆಯಲ್ಲಿ ಮಾಡಿಸಿ, ಮುಂದಿನ ದಿನಗಳಲ್ಲಿ ನೋವಿನ ಔಷಧ ಕೊಟ್ಟು, ಗಾಯ ಮಾಯುವ ಹತ್ತು ಹದಿನಾಲ್ಕು ದಿನ ಮನೆಯೊಳಗೆ ಜೋಪಾನ ಮಾಡುವ ಸಿದ್ಧತೆಯಿಲ್ಲದವರು ಅದಕ್ಕೆ ಕೈಹಾಕಬಾರದು. ಹೋರಿಯ ಬೀಜ ಒಡೆಸಿ ಎತ್ತು ಮಾಡಿ ಹೂಡುವಾಗ ಕಾಣಿಸದ ಛೇದವು ನಾಯಿಯ ವಿಷಯದಲ್ಲಿ ಮಾತ್ರ ಕಾಣಿಸುವುದೇಕೆಂಬುದನ್ನೂ ಒಕ್ಕಲುತನದ ಕುಟುಂಬಗಳು ವಿಚಾರಿಸಬೇಕು.

ಮಂದಿರದ ಟ್ರಸ್ಟುಗಳಿಗೆ ಪ್ರಶ್ನೆ ಇನ್ನೂ ದೊಡ್ಡದು. ೧೯೨೬ರಲ್ಲಿ ಅಹಮದಾಬಾದಿನ ಗಿರಣಿಯೊಡೆಯರಾದ ಅಂಬಾಲಾಲ ಸಾರಾಭಾಯಿಯವರು ತಮ್ಮ ಗಿರಣಿಯ ಆವರಣದ ಸುಮಾರು ೬೦ ಬೀದಿನಾಯಿಗಳನ್ನು ಕೊಲ್ಲಿಸಲು ಒಪ್ಪಿದಾಗ ಜೈನ ಸಮಾಜದಲ್ಲಿ ದೊಡ್ಡ ಕೋಲಾಹಲವೆದ್ದಿತು. ಗಾಂಧೀಜಿಯವರು ‘ಯಂಗ್ ಇಂಡಿಯಾ’ದಲ್ಲಿ ಲೇಖನಮಾಲೆ ಬರೆದು, ಒಡೆಯನಿಲ್ಲದ ನಾಯಿಗಳು ಬೀದಿಯಲ್ಲಿರುವುದೇ ಸಮಾಜದ ಲೋಪವೆಂದೂ, ಹೊಣೆ ಹೊರದೆ ತುತ್ತು ಎಸೆಯುವುದು ದಯೆಯಲ್ಲವೆಂದೂ ವಾದಿಸಿದರು. ಕೊಲ್ಲುವುದನ್ನು ಒಪ್ಪುವುದು ಜೈನರಿಗೆ ಆಗದ ಮಾತು. ಆದರೆ ಹೊಣೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಕೊಲೆಗೂ ನಿರ್ಲಕ್ಷ್ಯಕ್ಕೂ ನಡುವೆ ಮೂರನೆಯ ದಾರಿಯಾಗಿ ೨೦೦೧ರಲ್ಲಿ ನಾಯಿಗಳ ಸಂತತಿ ನಿಯಂತ್ರಣ ನಿಯಮಗಳು ಬಂದವು. ೨೦೨೩ರಲ್ಲಿ ಹೊಸ ನಿಯಮಗಳು ಅವುಗಳ ಸ್ಥಾನದಲ್ಲಿ ಜಾರಿಯಾದವು. ಬೀದಿಯ ಗಂಡುನಾಯಿಗೆ ಮನೆಯ ಗೋಡೆಯ ರಕ್ಷಣೆಯಿಲ್ಲ, ಮತ್ತೆ ಕೈಗೆ ಸಿಕ್ಕುವ ಭರವಸೆಯೂ ಇಲ್ಲ. ಅದರ ವಿಷಯದಲ್ಲಿ ಬೆಳವಣಿಗೆಗಾಗಿ ಕಾಯುವ ವಾದಕ್ಕೆ ಅಷ್ಟು ಬಲವಿಲ್ಲ.

ವಾದೀಭಸಿಂಹರ ಕ್ಷತ್ರಚೂಡಾಮಣಿಯಲ್ಲಿಯೂ, ೧೪೨೪ರಲ್ಲಿ ಭಾಸ್ಕರ ಕವಿ ಕನ್ನಡದಲ್ಲಿ ರಚಿಸಿದ ಜೀವಂಧರಚರಿತೆಯಲ್ಲಿಯೂ ಬರುವ ಜೀವಂಧರನ ಕಥೆ ಪರಿಚಿತವೇ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಅವನು ಪಂಚನಮಸ್ಕಾರವನ್ನು ಹೇಳಿದನು. ಅದು ಯಕ್ಷನಾಗಿ ಹುಟ್ಟಿತು. ಆ ಕಥೆಯಿಂದ ಶಸ್ತ್ರಕ್ರಿಯೆಗೆ ಅನುಮತಿಯನ್ನಾಗಲಿ ನಿಷೇಧವನ್ನಾಗಲಿ ತೆಗೆಯಲಾಗದು. ನಾಯಿಯೂ ತನ್ನದೇ ಗತಿಯುಳ್ಳ ಜೀವ, ಯಜಮಾನನ ಸಾಮಾನಲ್ಲ ಎಂಬುದನ್ನು ಮಾತ್ರ ಅದು ಕಲಿಸುತ್ತದೆ. ಅಷ್ಟನ್ನು ನೆನಪಿನಲ್ಲಿಟ್ಟು, ಮರಿಯ ಮೈಕಟ್ಟು, ಸ್ವಭಾವ, ಇರುವ ಸ್ಥಳ ಇವನ್ನು ನೋಡಿ, ಪಶುವೈದ್ಯರನ್ನು ಕೇಳಿ ಕಾಲವನ್ನು ನಿಶ್ಚಯಿಸುವ ಗೃಹಸ್ಥನಲ್ಲಿ ಪ್ರಮಾದವಿಲ್ಲ. ಅಂತಹವನಿಗೂ ದೋಷವು ಲೇಶಮಾತ್ರವೂ ಇಲ್ಲವೆಂದು ಹೇಳಲಾಗದು. ಗೃಹಸ್ಥನ ವ್ರತಕ್ಕೆ ಅಣುವ್ರತವೆಂಬ ಹೆಸರು ಬಂದಿರುವುದೇ ಅದಕ್ಕಾಗಿ. ಆ ಲೇಶದೋಷವನ್ನು ಅರಿತು, ಪ್ರತಿಕ್ರಮಣದಲ್ಲಿ ಆಲೋಚಿಸಿ, ಆ ಜೀವದ ಪಾಲನೆಯನ್ನು ಅದರ ಕೊನೆಯ ಉಸಿರಿನವರೆಗೂ ನಡೆಸುವುದು ಅವನ ಕರ್ತವ್ಯ.